ಹಕ್ಕಿ ರೆಕ್ಕೆ ಬಿಚ್ಚುವ ಮುನ್ನ: ರಂಗನತಿಟ್ಟಿನಲ್ಲಿ ಹಾರುವ ಹಕ್ಕಿಗಳ ಛಾಯಾಗ್ರಹಣ

ಮರದ ತುದಿಯಲ್ಲಿ ಬಹಳ ಹೊತ್ತು ಕದಲದೆ ನಿಂತಿರುವ ಬಣ್ಣದ ಕೊಕ್ಕರೆ ಹಾರಲು ಹೊರಟಿದೆ ಎಂಬುದು ಅದರ ಮೈಯಲ್ಲಿ ಮೊದಲೇ ಕಾಣಿಸುತ್ತದೆ. ಒಂಟಿಕಾಲಿನಲ್ಲಿ ನಿಂತಿದ್ದರೆ ಇನ್ನೊಂದು ಕಾಲನ್ನು ಕೆಳಗಿಳಿಸುತ್ತದೆ, ಭುಜಗಳ ನಡುವೆ ಹುದುಗಿಸಿದ್ದ ಕತ್ತನ್ನು ಮುಂದಕ್ಕೆ ಚಾಚುತ್ತದೆ, ಗಾಳಿ ಬರುವ ಕಡೆಗೆ ಮೈ ತಿರುಗಿಸುತ್ತದೆ, ಅನೇಕ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ, ಆಮೇಲೆ ಕಾಲು ಬಾಗಿಸಿ ಜಿಗಿಯುತ್ತದೆ. ಇಷ್ಟು ನಡೆಯಲು ಕೆಲವು ಸೆಕೆಂಡುಗಳಾದರೂ ಬೇಕು. ಅಷ್ಟರಲ್ಲಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವರಿಗೆ ರೆಕ್ಕೆಗಳೆರಡೂ ಪೂರ್ತಿ ಬಿಚ್ಚಿಕೊಂಡ ಚಿತ್ರ ಸಿಗುತ್ತದೆ. ಹಕ್ಕಿ ಹಾರಿದ್ದನ್ನು ಕಂಡ ಮೇಲೆ ಕ್ಯಾಮೆರಾ ಎತ್ತಿದವರಿಗೆ ಅದರ ಬಾಲ ಮಾತ್ರ ಸಿಗುತ್ತದೆ. ಹಾರುವ ಹಕ್ಕಿಯ ಚಿತ್ರ ತೆಗೆಯಲು ಕಲಿಯುವುದೆಂದರೆ ಬಹುಮಟ್ಟಿಗೆ ಕುಳಿತ ಹಕ್ಕಿಯನ್ನು ನೋಡಲು ಕಲಿಯುವುದೇ ಎಂದು ನಾನು ನಂಬಿದ್ದೇನೆ. ದುಬಾರಿ ಲೆನ್ಸ್ ಕೊಂಡ ಮೊದಲ ವರ್ಷದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಕ್ಯಾಮೆರಾದ ತಪ್ಪುಗಳಾಗಿರಲಿಲ್ಲ. ಹಕ್ಕಿಯನ್ನೂ ಗಾಳಿಯನ್ನೂ ಗಮನಿಸದೆ ಇದ್ದುದರಿಂದ ಆದ ತಪ್ಪುಗಳು ಅವು.

ಈ ವಿದ್ಯೆಯನ್ನು ಕಲಿಯುವುದಕ್ಕೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಷ್ಟು ಅನುಕೂಲವಾದ ಜಾಗಗಳು ಕಡಿಮೆ. 17ನೇ ಶತಮಾನದ ನಡುಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದಾಗಿ ಉಂಟಾದ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿರುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರಿನ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಲಿಯುವವರಿಗೆ ಮುಖ್ಯವಾದ ವಿಷಯ ಬೇರೆಯೇ ಇದೆ. ಇಲ್ಲಿನ ಹಕ್ಕಿಗಳು ದೋಣಿಗಳಿಗೆ ಒಗ್ಗಿಕೊಂಡಿವೆ, ಒಂದೇ ಗೂಡಿಗೆ ದಿನಕ್ಕೆ ಹಲವು ಸಲ ಬಂದು ಹೋಗುತ್ತವೆ, ಮತ್ತು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತವೆ. ಒಮ್ಮೆ ತಪ್ಪಿದ ಚಿತ್ರಕ್ಕೆ ಇಲ್ಲಿ ಎರಡನೆಯ ಅವಕಾಶವಿದೆ. ಡಿಸೆಂಬರ್ ಕಳೆದ ಮೇಲೆ ಬೇಸಗೆ ಮುಗಿಯುವವರೆಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್), ಚಮಚ ಕೊಕ್ಕಿನ ಕೊಕ್ಕರೆ, ಬಾಯ್ಕಳಕ, ಹಾವಕ್ಕಿ, ನೀರುಕಾಗೆ, ಬಂಡೆಗಳ ಮೇಲಿನ ನದಿ ರೀವ (ಟರ್ನ್), ಇವುಗಳಲ್ಲಿ ಯಾವುದಾದರೊಂದು ಸಂಸಾರದ ಕೆಲಸದಲ್ಲಿ ತೊಡಗಿರುವುದನ್ನು ನೋಡಬಹುದು. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲುವುದರಿಂದ ಆ ದಿನಗಳಲ್ಲಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಗಾಳಿ ಮತ್ತು ಬೆಳಕು

ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚಿದ್ದಷ್ಟೂ ಅದಕ್ಕೆ ಮೇಲೇಳುವ ಶ್ರಮ ಕಡಿಮೆ, ಇಳಿಯುವಾಗ ನೆಲಕ್ಕೆ ಹೋಲಿಸಿದ ವೇಗವೂ ಕಡಿಮೆ. ಭಾರದ ಹಕ್ಕಿಗಳು ಈ ನಿಯಮವನ್ನು ಮೀರುವುದು ಅಪರೂಪ. ಹೀಗಾಗಿ ದಡಕ್ಕೆ ಬಂದ ಕೂಡಲೆ ಮೊದಲು ಮಾಡಬೇಕಾದ ಕೆಲಸವೆಂದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದು. ಬಿದಿರಿನ ಎಲೆಗಳನ್ನೋ ನೀರಿನ ಮೇಲಿನ ಸಣ್ಣ ಅಲೆಗಳನ್ನೋ ನೋಡಿದರೆ ಸಾಕು. ಅದಕ್ಕಿಂತ ಸುಲಭವಾಗಿ, ಮರದ ತುದಿಯಲ್ಲಿ ಕುಳಿತ ಕೊಕ್ಕರೆಗಳನ್ನೇ ನೋಡಬಹುದು. ಗಾಳಿ ಸ್ವಲ್ಪ ಜೋರಾಗಿದ್ದರೆ ಅವುಗಳಲ್ಲಿ ಹೆಚ್ಚಿನವು ಗರಿ ಕೆದರದಂತೆ ಗಾಳಿಗೆ ಮುಖ ಮಾಡಿಯೇ ಕುಳಿತಿರುತ್ತವೆ.

ಎರಡನೆಯದು ಸೂರ್ಯ. ಹಾರುವ ಹಕ್ಕಿಯ ಕಣ್ಣಿನಲ್ಲಿ ಹೊಳಪು ಮೂಡಬೇಕಾದರೆ, ರೆಕ್ಕೆಯ ಕೆಳಭಾಗದ ಗರಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ, ಬಿಸಿಲು ಛಾಯಾಗ್ರಾಹಕನ ಬೆನ್ನಿಗೆ ಬೀಳುತ್ತಿರಬೇಕು. ನಮ್ಮ ನೆರಳು ಯಾವ ಕಡೆಗೆ ಚಾಚಿದೆಯೋ ಆ ಕಡೆಯ ಹಕ್ಕಿಗಳೇ ನಮ್ಮ ಹಕ್ಕಿಗಳು ಎಂದಿಟ್ಟುಕೊಳ್ಳಬಹುದು.

ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದಾಗ ಒಂದು ಮುಖ್ಯ ವಿಷಯ ಸ್ಪಷ್ಟವಾಗುತ್ತದೆ. ಗಾಳಿ ಮತ್ತು ಬಿಸಿಲು ಒಂದೇ ಕಡೆಯಿಂದ, ಅಂದರೆ ನಮ್ಮ ಬೆನ್ನ ಹಿಂದಿನಿಂದ ಬರುತ್ತಿದ್ದರೆ, ಏಳುವ ಹಕ್ಕಿಯೂ ಇಳಿಯುವ ಹಕ್ಕಿಯೂ ನಮಗೆ ಮುಖ ಕೊಟ್ಟಿರುತ್ತದೆ ಮತ್ತು ಅದರ ಮುಖದ ಮೇಲೆ ಬೆಳಕೂ ಇರುತ್ತದೆ. ಮೈಸೂರು ಸೀಮೆಯಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ ಅಥವಾ ಈಶಾನ್ಯದಿಂದ ಬೀಸುವುದರಿಂದ ಆಗ ಬೆಳಗಿನ ಹೊತ್ತೇ ಶ್ರೇಷ್ಠ. ಮೂಡಣಕ್ಕೆ ಬೆನ್ನು ಹಾಕಿ ನಿಂತರೆ ಹಕ್ಕಿಗಳು ನಮ್ಮತ್ತಲೇ ಬರುತ್ತವೆ. ಜೂನ್ ನಂತರ ನೈಋತ್ಯ ಮಾರುತ ಶುರುವಾದ ಮೇಲೆ ಗಾಳಿ ಪಡುವಣದಿಂದ ಬರುತ್ತದೆ, ಆಗ ಲೆಕ್ಕ ತಲೆಕೆಳಗಾಗಿ ಸಂಜೆಯ ಹೊತ್ತು ಒಳ್ಳೆಯದಾಗುತ್ತದೆ. ಇವೆರಡರ ನಡುವಿನ ಬೇಸಗೆಯ ತಿಂಗಳುಗಳಲ್ಲಿ ಅಂದಂದಿನ ಗಾಳಿಯನ್ನು ಅಂದಂದೇ ನೋಡಿಕೊಳ್ಳಬೇಕು. ಬಿಸಿಲು ಒಂದು ಕಡೆ, ಗಾಳಿ ಅದರ ಎದುರು ಕಡೆ ಇರುವ ದಿನಗಳಲ್ಲಿ ಹಕ್ಕಿಗಳ ಬೆನ್ನೇ ಕಾಣುತ್ತಿರುತ್ತದೆ. ಅಂಥ ದಿನ ಹಟ ಹಿಡಿಯದೆ, ಇಳಿಯುವ ಮುನ್ನ ಹಕ್ಕಿ ಸುತ್ತು ಹಾಕುವ ಜಾಗವನ್ನು ಗುರುತಿಸಿಕೊಂಡು, ಆ ಸುತ್ತಿನಲ್ಲಿ ಅದು ಪಕ್ಕಕ್ಕೆ ತಿರುಗುವ ಗಳಿಗೆಯನ್ನು ಹಿಡಿಯಲು ಪ್ರಯತ್ನಿಸಬೇಕು.

ಕೊಕ್ಕರೆಗಳು ಇಳಿಯುವುದನ್ನು ಒಂದು ಗಂಟೆ ಸುಮ್ಮನೆ ನೋಡಿದರೆ ಈ ಸುತ್ತು ಅರ್ಥವಾಗುತ್ತದೆ. ಗಾಳಿಯ ಜೊತೆಯಲ್ಲಿ ಬಂದ ಹಕ್ಕಿ ಗೂಡನ್ನು ದಾಟಿ ಸ್ವಲ್ಪ ಮುಂದೆ ಹೋಗುತ್ತದೆ, ಅಲ್ಲಿ ವಾಲಿಕೊಂಡು ತಿರುಗಿ ಗಾಳಿಗೆ ಎದುರಾಗುತ್ತದೆ, ಕಾಲುಗಳನ್ನು ಕೆಳಗೆ ಬಿಡುತ್ತದೆ, ರೆಕ್ಕೆಯನ್ನೂ ಬಾಲವನ್ನೂ ಪೂರ್ತಿ ಹರಡಿ ವೇಗ ಕಳೆದುಕೊಳ್ಳುತ್ತದೆ. ವಾಲಿಕೊಂಡು ತಿರುಗುವಾಗ ರೆಕ್ಕೆಯ ಮೇಲ್ಭಾಗ ಕಾಣುತ್ತದೆ. ವೇಗ ಕಳೆದುಕೊಳ್ಳುವಾಗ ಅದು ಗಾಳಿಯಲ್ಲಿ ಹೆಚ್ಚುಕಡಿಮೆ ನಿಂತೇಬಿಟ್ಟಂತೆ ಕಾಣುತ್ತದೆ. ಹೊಸಬರು ಮೊದಲು ಅಭ್ಯಾಸ ಮಾಡಬೇಕಾದದ್ದು ಈ ಇಳಿಯುವ ಕೊಕ್ಕರೆಯನ್ನೇ. ಏಳುವ ಹಕ್ಕಿಗಿಂತ ಇಳಿಯುವ ಹಕ್ಕಿ ನಿಧಾನ, ಮತ್ತು ಅದು ದೂರದಿಂದಲೇ ಕಾಣಿಸುವುದರಿಂದ ಫೋಕಸ್ ಹಿಡಿಯಲು ಸಮಯವಿರುತ್ತದೆ.

ಒಂದೊಂದು ಹಕ್ಕಿಯ ರೀತಿ

ಗೂಡು ಕಟ್ಟುವ ದಿನಗಳಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿಗಳನ್ನೂ ಎಲೆಯಿರುವ ಹಸಿರು ರೆಂಬೆಗಳನ್ನೂ ಕೊಕ್ಕಿನಲ್ಲಿ ಹಿಡಿದು ತರುತ್ತವೆ. ಕಡ್ಡಿ ಮುರಿಯುವ ಮರ ಮತ್ತು ಗೂಡಿನ ಮರ ಯಾವುವೆಂದು ಗುರುತಿಸಿಕೊಂಡರೆ ಅವುಗಳ ನಡುವಿನ ದಾರಿ ತಿಳಿದಂತಾಯಿತು. ಸಂಗಾತಿ ಬಂದಿಳಿದಾಗ ಎರಡೂ ತಲೆ ಬಾಗಿಸಿ, ಕೊಕ್ಕು ತೆರೆದು ಸ್ವಾಗತಿಸಿಕೊಳ್ಳುವುದರಿಂದ, ಹಕ್ಕಿ ಇಳಿದ ತಕ್ಷಣ ಕ್ಯಾಮೆರಾ ಕೆಳಗಿಳಿಸಬಾರದು. ಮರಿಗಳು ಹುಟ್ಟಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ದೊಡ್ಡ ಹಕ್ಕಿ ರೆಕ್ಕೆಗಳನ್ನು ಅಗಲಿಸಿ ಮರಿಗಳ ಮೇಲೆ ನೆರಳು ಹಿಡಿದು ನಿಲ್ಲುತ್ತದೆ. ಇದನ್ನು ಹಾರುವ ಪ್ರಯತ್ನವೆಂದು ತಿಳಿದು ಕಾಯುತ್ತಾ ಕುಳಿತವರನ್ನು ನೋಡಿದ್ದೇನೆ. ಹಾರುವಾಗ ಕೊಕ್ಕರೆಯ ಕತ್ತು ನೇರ ಚಾಚಿರುತ್ತದೆ, ಬಕ ಮತ್ತು ಬೆಳ್ಳಕ್ಕಿಗಳ ಕತ್ತು ಮಡಚಿಕೊಂಡಿರುತ್ತದೆ. ದೂರದಲ್ಲಿ ಬರುತ್ತಿರುವುದು ಯಾವುದು ಎಂದು ಮೊದಲೇ ತಿಳಿಯಲು ಇದೊಂದೇ ಗುರುತು ಸಾಕು.

ನದಿ ರೀವ ಇಲ್ಲಿನ ಹಕ್ಕಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿಯಂಥ ಬಾಲದ ಈ ಹಕ್ಕಿ ನದಿಯ ಒಂದು ಭಾಗವನ್ನು ತನ್ನದೆಂದು ಆರಿಸಿಕೊಂಡಂತೆ ಅಲ್ಲೇ ಮೇಲಕ್ಕೂ ಕೆಳಕ್ಕೂ ಹಾರುತ್ತಿರುತ್ತದೆ. ಕೊಕ್ಕು ಮುಂದಕ್ಕೆ ಚಾಚಿಕೊಂಡು ಹಾರುತ್ತಿದ್ದರೆ ಅದು ಪ್ರಯಾಣ. ಕೊಕ್ಕು ನೀರಿನ ಕಡೆಗೆ ಬಾಗಿದ್ದರೆ ಅದು ಬೇಟೆ. ಬೇಟೆಯಲ್ಲಿರುವ ಹಕ್ಕಿಯನ್ನು ಮಾತ್ರ ಹಿಂಬಾಲಿಸಬೇಕು. ಅದು ಒಂದು ಗಳಿಗೆ ಗಾಳಿಯಲ್ಲಿ ತಡೆದು ನಿಂತು ರೆಕ್ಕೆ ಬಡಿಯುತ್ತದೆ, ಆಮೇಲೆ ಧುಮುಕುತ್ತದೆ. ಧುಮುಕುವ ಹಕ್ಕಿಯನ್ನು ಹಿಂಬಾಲಿಸುವುದು ಕಷ್ಟ, ನೀರಿನಿಂದ ಎದ್ದು ಬರುವ ಹಕ್ಕಿ ಸ್ವಲ್ಪ ಸುಲಭ. ನೀರಿನ ಹನಿಗಳೂ ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದ ಮೀನೂ ಕಾಣುವುದು ಆಗಲೇ. ಜೋಡಿ ಕಟ್ಟುವ ಕಾಲದಲ್ಲಿ ಗಂಡು ಹಿಡಿದ ಮೀನನ್ನು ತಾನು ನುಂಗದೆ ಬಂಡೆಯ ಮೇಲೆ ಕಾದಿರುವ ಹೆಣ್ಣಿಗೆ ತಂದು ಕೊಡುತ್ತದೆ. ಮೀನು ಹಿಡಿದ ರೀವ ನೇರವಾಗಿ ಒಂದು ಬಂಡೆಯತ್ತ ಹೊರಟಿದ್ದು ಕಂಡರೆ ಅದಕ್ಕಿಂತ ಮೊದಲೇ ಆ ಬಂಡೆಯ ಮೇಲೆ ಫೋಕಸ್ ಮಾಡಿಕೊಂಡು ಕಾಯಬೇಕು.

ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಆಗ ರೆಕ್ಕೆಗಳು ಎಷ್ಟು ವೇಗವಾಗಿ ಆಡಿದರೂ ಮೀನಿನ ಮೇಲೆ ದೃಷ್ಟಿಯಿಟ್ಟ ತಲೆ ಮಾತ್ರ ಅಲುಗದು. ಈ ಕಾರಣದಿಂದ ಷಟರ್ ವೇಗವನ್ನು (ಷಟರ್ ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಇದು ಹೆಚ್ಚು) 1/1000 ಸೆಕೆಂಡಿಗೆ ಇಳಿಸಿದರೂ ಕಣ್ಣು ಸ್ಪಷ್ಟವಾಗಿಯೇ ಬರುತ್ತದೆ, ರೆಕ್ಕೆಗಳು ಮಸುಕಾಗಿ ಚಲನೆಯನ್ನು ತೋರುತ್ತವೆ. ಎಲ್ಲವನ್ನೂ ಕಲ್ಲಿನಂತೆ ನಿಲ್ಲಿಸಿದ ಚಿತ್ರಕ್ಕಿಂತ ಇಂಥ ಚಿತ್ರ ನನಗೆ ಹೆಚ್ಚು ನಿಜವೆನಿಸುತ್ತದೆ.

ಜೇನ್ನೊಣ, ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿಯುವ ಹಸಿರು ಕಳ್ಳಿಪೀರ ತೀರ ಚುರುಕಾದರೂ ಅದರದೊಂದು ಅಭ್ಯಾಸ ನಮಗೆ ನೆರವಾಗುತ್ತದೆ: ಬೇಟೆ ಹಿಡಿದು ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ, ಅಲ್ಲಿ ಕೀಟವನ್ನು ಬಡಿದು ಆಮೇಲೆ ನುಂಗುತ್ತದೆ. ಕಡ್ಡಿಯಿಂದ ಗಾಳಿ ಸಾಗುವ ಕಡೆಗೆ ಸ್ವಲ್ಪ ಜಾಗ ಬಿಟ್ಟು ಚೌಕಟ್ಟು ಹೊಂದಿಸಿಕೊಂಡರೆ ಮರಳುವ ಹಕ್ಕಿ ಆ ಜಾಗದೊಳಗೇ ಬರುತ್ತದೆ. ಹೆಜ್ಜಾರ್ಲೆಯ ವಿಷಯ ಇದಕ್ಕೆ ವಿರುದ್ಧ. ಎರಡೂವರೆ ಮೀಟರಿನಷ್ಟು ಅಗಲ ರೆಕ್ಕೆಯ ಈ ಭಾರದ ಹಕ್ಕಿ ನೀರಿನಿಂದ ಏಳುವಾಗ ಎರಡು ಕಾಲುಗಳನ್ನೂ ಒಟ್ಟಿಗೆ ನೀರಿಗೆ ಒದೆಯುತ್ತಾ ಬಹಳ ದೂರ ಓಡಬೇಕಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಹೆಜ್ಜಾರ್ಲೆ ಮತ್ತು ಕೊಕ್ಕರೆಗಳು ಮೇಲೇರುವ ಬಿಸಿಗಾಳಿಯನ್ನು ಹಿಡಿದು ರೆಕ್ಕೆ ಬಡಿಯದೆಯೇ ಸುತ್ತು ಸುತ್ತಾಗಿ ಏರುತ್ತವೆ. ಚಿತ್ರಕ್ಕೆ ಅದು ಬಹಳ ಎತ್ತರವಾದರೂ, ಗುಂಪು ಒಂದರ ಹಿಂದೆ ಒಂದರಂತೆ ರೆಕ್ಕೆ ಬಡಿದು, ಒಂದರ ಹಿಂದೆ ಒಂದರಂತೆ ತೇಲುವುದನ್ನು ಕ್ಯಾಮೆರಾ ಬದಿಗಿಟ್ಟು ನೋಡಬೇಕು.

ಕ್ಯಾಮೆರಾದ ಲೆಕ್ಕ

ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿ 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರ್ ಚಲಿಸಿರುತ್ತದೆ. ರೆಕ್ಕೆಯ ತುದಿ ಅದಕ್ಕಿಂತ ಹೆಚ್ಚು. ಕ್ಯಾಮೆರಾವನ್ನು ಹಕ್ಕಿಯ ಜೊತೆಗೇ ತಿರುಗಿಸುತ್ತಾ ಹೋದರೆ ಮೈಯ ಚಲನೆ ಬಹುಪಾಲು ಲೆಕ್ಕದಿಂದ ಕಳೆಯುತ್ತದೆ, ರೆಕ್ಕೆಯದು ಉಳಿಯುತ್ತದೆ. ಷಟರ್ ವೇಗ ಕೊಕ್ಕರೆ, ಹೆಜ್ಜಾರ್ಲೆಗಳಿಗೆ 1/1600 ಸೆಕೆಂಡು, ರೀವಕ್ಕೆ 1/2500, ಕಳ್ಳಿಪೀರ ಮತ್ತು ಕವಲುತೋಕೆಗಳಿಗೆ 1/3200 ಅಥವಾ ಅದಕ್ಕಿಂತ ಹೆಚ್ಚು ಎಂಬುದು ನಾನು ಇಟ್ಟುಕೊಂಡಿರುವ ಆರಂಭದ ಅಳತೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ, ಎಫ್ 5.6ರಿಂದ ಎಫ್ 8ರ ನಡುವೆ ಇರಲಿ. 500 ಮಿ.ಮೀ. ಲೆನ್ಸಿನಲ್ಲಿ ಎಫ್ 6.3 ಇಟ್ಟು 20 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು 60 ಸೆಂಟಿಮೀಟರ್ ಮಾತ್ರ. ಬಣ್ಣದ ಕೊಕ್ಕರೆಯ ರೆಕ್ಕೆಯಗಲ ಅದರ ಎರಡು ಪಟ್ಟಿಗೂ ಹೆಚ್ಚು. ಪಕ್ಕಕ್ಕೆ ಹಾರುವ ಹಕ್ಕಿಯ ಎರಡೂ ರೆಕ್ಕೆಯ ತುದಿಗಳು ಸ್ಪಷ್ಟವಾಗಿರಬೇಕೆಂದು ಬಯಸದೆ, ಕಣ್ಣು ಸ್ಪಷ್ಟವಾಗಿದ್ದರೆ ಸಾಕೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಬೆಳಕಿನ ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕಡು ಹಸಿರು ಮರದ ಮುಂದೆ ಹಾರುವ ಬಿಳಿ ಕೊಕ್ಕರೆಯನ್ನು ಕ್ಯಾಮೆರಾ ಹೆಚ್ಚು ಬೆಳ್ಳಗೆ ಮಾಡಿ ಗರಿಗಳ ವಿವರವನ್ನು ಅಳಿಸಿಬಿಡುತ್ತದೆ. ಅದೇ ಹಕ್ಕಿ ಆಕಾಶದ ಮುಂದೆ ಬಂದಾಗ ಕಪ್ಪಾಗುತ್ತದೆ. ಹಿನ್ನೆಲೆ ಬದಲಾಯಿತೇ ಹೊರತು ಹಕ್ಕಿಯ ಮೇಲಿನ ಬಿಸಿಲು ಬದಲಾಗಿಲ್ಲ. ಆದಕಾರಣ ಬಿಸಿಲು ಸ್ಥಿರವಾಗಿರುವ ಬೆಳಗ್ಗೆ ಷಟರ್, ಅಪರ್ಚರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಮೂರನ್ನೂ ಮ್ಯಾನುಯಲ್ ಮೋಡಿನಲ್ಲಿ ನಿಗದಿ ಮಾಡಿಬಿಡುವುದು ಮೇಲು. ಒಂಬತ್ತು ಗಂಟೆಯ ತಿಳಿಬಿಸಿಲಿನಲ್ಲಿ 1/2500, ಎಫ್ 6.3, ಐಎಸ್‌ಒ 500ರ ಆಸುಪಾಸಿನಿಂದ ಆರಂಭಿಸಿ, ಕುಳಿತ ಕೊಕ್ಕರೆಯೊಂದರ ಚಿತ್ರ ತೆಗೆದು, ಬೆಳಕು ಹೆಚ್ಚಾಗಿ ವಿವರ ಕಳೆದುಕೊಂಡ ಬಿಳಿ ಗರಿಗಳು ಪರದೆಯ ಮೇಲೆ ಮಿನುಗಿ ಎಚ್ಚರಿಸದಷ್ಟಕ್ಕೆ ಐಎಸ್‌ಒ ಇಳಿಸಿಕೊಳ್ಳಬೇಕು. ಮೋಡ ಬಂದು ಹೋಗುವ ದಿನ ಆಟೋ ಐಎಸ್‌ಒ ಅನುಕೂಲ, ಆಗ ಆಕಾಶದ ಹಿನ್ನೆಲೆಗೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ಆರಿಸಿದ ಬೆಳಕಿನ ಅಳತೆಗೆ ಮಾಡುವ ತಿದ್ದುಪಡಿ) ಅನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಏರಿಸಬೇಕು, ಕಪ್ಪು ನೀರಿನ ಮುಂದಿನ ಬಿಳಿ ಹಕ್ಕಿಗೆ ಒಂದು ಸ್ಟಾಪ್ ಇಳಿಸಬೇಕು.

ಆಟೋಫೋಕಸ್ ನಿರಂತರ ಮೋಡಿನಲ್ಲಿರಬೇಕು. ನಿಕಾನ್ ಮತ್ತು ಸೋನಿಯಲ್ಲಿ ಇದು ಎಎಫ್-ಸಿ, ಕ್ಯಾನನ್ನಿನ ಹಳೆಯ ಕ್ಯಾಮೆರಾಗಳಲ್ಲಿ ಎಐ ಸರ್ವೋ. ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಮಿರರ್‌ಲೆಸ್ ಕ್ಯಾಮೆರಾಗಳು ಕೆಲಸವನ್ನು ಬಹಳ ಸುಲಭ ಮಾಡಿವೆ, ಆದರೆ ಕೊಂಬೆಗಳ ಹಿಂದೆ ಹಾಯುವ ಹಕ್ಕಿಯ ಮುಂದೆ ಅವೂ ತಬ್ಬಿಬ್ಬಾಗುತ್ತವೆ. ಕೈಯಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್ ಆದರೆ ನಡುವಿನ ಫೋಕಸ್ ಬಿಂದುಗಳ ಗುಂಪೊಂದನ್ನು ಬಳಸಿ, ಹಕ್ಕಿ ಇನ್ನೂ ದೂರದಲ್ಲಿ ಚಿಕ್ಕದಾಗಿದ್ದಾಗಲೇ ಅದನ್ನು ಹಿಡಿದು ಹಿಂಬಾಲಿಸಬೇಕು. ಜೂಮ್ ಲೆನ್ಸಿನಲ್ಲಿ ಮೊದಲು ಅಗಲಕ್ಕೆ ಇಟ್ಟು ಹಕ್ಕಿಯನ್ನು ಹುಡುಕಿಕೊಂಡು ಆಮೇಲೆ ಹತ್ತಿರಕ್ಕೆ ಎಳೆಯುವುದು ರೂಢಿಯಾಗಬೇಕು. ಎರಡೂ ಕಣ್ಣು ತೆರೆದಿಟ್ಟು, ಸೊಂಟದಿಂದ ಮೇಲೆ ಇಡೀ ಮೈಯನ್ನು ತಿರುಗಿಸಬೇಕೇ ಹೊರತು ಬರೀ ಕೈಗಳನ್ನಲ್ಲ. ಬರ್ಸ್ಟ್, ಅಂದರೆ ಗುಂಡಿ ಒತ್ತಿದಷ್ಟು ಹೊತ್ತು ಸಾಲಾಗಿ ಹಲವು ಚಿತ್ರ ತೆಗೆಯುವುದು, ಬೇಕು ನಿಜ. ಆದರೆ ಗುಂಡಿಯನ್ನು ಒತ್ತಿಯೇ ಇಟ್ಟರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸಂಗ್ರಹ) ತುಂಬಿ ಬೇಕಾದ ಗಳಿಗೆಯಲ್ಲಿಯೇ ಕ್ಯಾಮೆರಾ ನಿಂತುಬಿಡಬಹುದು. ಈ ಕೈಚಳಕವನ್ನು ರಂಗನತಿಟ್ಟಿಗೆ ಹೋಗುವ ಮುನ್ನ ಊರಿನ ಕೆರೆಯ ಬೆಳ್ಳಕ್ಕಿಗಳ ಮೇಲೆ, ಮಾರುಕಟ್ಟೆಯ ಮೇಲೆ ಸುತ್ತುವ ಹದ್ದುಗಳ ಮೇಲೆ ಅಭ್ಯಾಸ ಮಾಡಬೇಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಅಲ್ಲಿ ಹೆಜ್ಜಾರ್ಲೆಗಳೂ ಸಿಗುತ್ತವೆ.

ದೋಣಿಯಲ್ಲಿ

ದೋಣಿಯೊಳಗೆ ಟ್ರೈಪಾಡ್ ಕೆಲಸಕ್ಕೆ ಬಾರದು. ಅಂಬಿಗರು ಹುಟ್ಟು ಹಾಕುವ ಪ್ರತಿ ಎಳೆತವೂ ಕಾಲುಗಳ ಮೂಲಕ ಕ್ಯಾಮೆರಾಕ್ಕೆ ಸಾಗುತ್ತದೆ. ಮೊಣಕೈಗಳನ್ನು ಮೈಗೆ ಒತ್ತಿ ಕುಳಿತು ಕೈಯಲ್ಲೇ ಹಿಡಿಯುವುದು ಉತ್ತಮ. ಎದ್ದು ನಿಲ್ಲಬಾರದು, ಕೈಯನ್ನು ನೀರಿಗೆ ಇಳಿಸಬಾರದು. ಬಂಡೆಗಳ ಮೇಲೆ ಮಲಗಿರುವ ಮೊಸಳೆಗಳು ನೀರಿನಲ್ಲಿಯೂ ಇರುತ್ತವೆ. ಹಕ್ಕಿಗಳ ವಿಷಯದಲ್ಲಿ ಅಂಬಿಗರಿಗೆ ಇರುವ ತಿಳಿವಳಿಕೆ ದೊಡ್ಡದು. ಇವತ್ತು ರೀವಗಳು ಎಲ್ಲಿ ಮೀನು ಹಿಡಿಯುತ್ತಿವೆ, ಯಾವ ತಿಟ್ಟಿನಲ್ಲಿ ಹೊಸ ಗೂಡಾಗಿದೆ ಎಂದು ಹೊರಡುವ ಮೊದಲೇ ಗೌರವದಿಂದ ಕೇಳಿದರೆ ಮನಸಾರೆ ಹೇಳುತ್ತಾರೆ. ಇನ್ನೂ ಹತ್ತಿರ ಹೋಗಿ ಎಂದು ಅವರನ್ನು ಪೀಡಿಸುವುದು ಮಾತ್ರ ತಪ್ಪು. ದೂರ ಎಷ್ಟಿರಬೇಕೆಂಬುದನ್ನು ಅವರಿಗೇ ಬಿಡಬೇಕು.

ನನ್ನ ಕಣ್ಣೆದುರಿಗೇ ಒಮ್ಮೆ, ಬೇರೊಂದು ಜಾಗದ ಕೆರೆಯಲ್ಲಿ, ಹಾರುವ ಚಿತ್ರ ಬೇಕೆಂದು ಒಬ್ಬರು ಚಪ್ಪಾಳೆ ತಟ್ಟಿ ಇಡೀ ಗುಂಪನ್ನು ಎಬ್ಬಿಸಿದರು. ನಾನು ಬೇಡವೆನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು, ಆ ಸಂಕಟ ಇನ್ನೂ ಮನಸ್ಸಿನಲ್ಲಿದೆ. ಹೆದರಿ ಎದ್ದ ಹಕ್ಕಿ ನಮ್ಮಿಂದ ದೂರ ಹೋಗುವುದರಿಂದ ಚಿತ್ರವೂ ಕೆಡುತ್ತದೆ. ಆದರೆ ಗೂಡಿನ ಕಾಲದಲ್ಲಿ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ರೀವ ಬರೀ ಬಂಡೆಯ ಮೇಲೋ ಮರಳಿನ ಮೇಲೋ ಮೊಟ್ಟೆಯಿಡುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ತಾಯಿ ಮೇಲಿಂದೆದ್ದರೆ ಆ ಮೊಟ್ಟೆಗಳಿಗೆ ನೆರಳೇ ಇಲ್ಲ, ಕಾಗೆ ಮತ್ತು ಹದ್ದುಗಳು ಅದೇ ಸಮಯಕ್ಕಾಗಿ ಕಾಯುತ್ತಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಗೆ ಕೊಟ್ಟ ವ್ಯಾಖ್ಯೆಯಲ್ಲಿಯೇ ಕಾಡುಹಕ್ಕಿಯ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ ಎಂಬುದನ್ನು ಪ್ರತಿಯೊಬ್ಬ ಛಾಯಾಗ್ರಾಹಕನೂ ತಿಳಿದಿರಬೇಕು. ಹಕ್ಕಿ ತಲೆಯೆತ್ತಿ ನಮ್ಮನ್ನೇ ನೋಡತೊಡಗಿದರೆ, ಮಾಡುತ್ತಿದ್ದ ಕೆಲಸ ನಿಲ್ಲಿಸಿದರೆ, ಅಥವಾ ರೀವ ನಮ್ಮ ತಲೆಯ ಮೇಲೆ ಕೂಗುತ್ತಾ ಎರಗಿದರೆ ಆಗಲೇ ಹಿಂದೆ ಸರಿಯಬೇಕು. ಕೂಗಿನ ಧ್ವನಿಮುದ್ರಣ ಹಾಕಿ ಕರೆಯುವುದು, ಡ್ರೋನ್ ಒಯ್ಯುವುದು, ಮೀನೆಸೆದು ಆಸೆ ತೋರಿಸುವುದು, ಇವು ಯಾವುವೂ ಕೂಡದು.

ಒಂದು ಸಣ್ಣ ಟಿಪ್ಪಣಿ ಪುಸ್ತಕ ಜೇಬಿನಲ್ಲಿರಲಿ. ದಿನಾಂಕ, ಹೊತ್ತು, ಗಾಳಿಯ ದಿಕ್ಕು, ನದಿಯ ನೀರಿನ ಮಟ್ಟ, ಯಾವ ಹಕ್ಕಿ ಏನು ಮಾಡುತ್ತಿತ್ತು ಎಂದು ನಾಲ್ಕು ಸಾಲು ಬರೆದಿಟ್ಟರೆ ಮುಂದಿನ ವರ್ಷ ಅದೇ ತಿಂಗಳಲ್ಲಿ ಎಲ್ಲಿ ನಿಲ್ಲಬೇಕೆಂಬುದು ಅದರಲ್ಲಿ ಸಿಗುತ್ತದೆ. ಮನೆಗೆ ಬಂದ ಮೇಲೆ ಮಸುಕಾದ ಚಿತ್ರಗಳನ್ನು ಕೂಡಲೆ ಅಳಿಸಬೇಡಿ; ಬರ್ಸ್ಟಿನ ಎಲ್ಲ ಚಿತ್ರಗಳನ್ನೂ ತೆಗೆದ ಕ್ರಮದಲ್ಲಿಯೇ ಒಮ್ಮೆ ನೋಡಿ. ರೀವ ಧುಮುಕುವ ಮೊದಲು ಎಷ್ಟು ಸಲ ರೆಕ್ಕೆ ಬಡಿಯಿತು, ಕೊಕ್ಕರೆ ಕಾಲು ಬಿಟ್ಟದ್ದು ಗೂಡಿನಿಂದ ಎಷ್ಟು ದೂರದಲ್ಲಿ, ಎದ್ದ ಮಿಂಚುಳ್ಳಿಯ ಕೊಕ್ಕಿನಲ್ಲಿ ಮೀನಿತ್ತೋ ಇಲ್ಲವೋ, ಇವು ಬರಿಗಣ್ಣಿಗೆ ತಪ್ಪಿಹೋದ ಸಂಗತಿಗಳು. ಅವನ್ನೂ ಆ ದಿನದ ಪುಟದಲ್ಲಿ ಸೇರಿಸಿ, ಆಮೇಲೆ ಬೇಕಾದುದನ್ನು ಆರಿಸಿಕೊಳ್ಳಿ.